ಆಯಿಯ ಮಾತಿಗೆ ಹೌದು ಅಂದ ಮೇಲೆ

ಆಲಮಟ್ಟಿ ಆಣೆಕಟ್ಟಿನಲ್ಲಿ ನೀರಿನಿಂದ ಕರೆಂಟ್ ತೆಗೆಯುತ್ತಾರಲ್ಲ, ಆಗ ನೀರಿನ ಸತ್ವವೆಲ್ಲ ಅದರ ಜೊತೆಗೇ ಹೋಗಿಬಿಡುತ್ತದೆ. ಉಳಿದ ಸಪ್ಪನ ನೀರನ್ನು ಕಾಲುವೆಗೆ ಬಿಡುತ್ತಾರೆ. ಅದಕ್ಕೇ ಈಗಿನ ಜೋಳದ ರೊಟ್ಟಿಗೆ ರುಚಿ ಇಲ್ಲ. ಇದು ನಮ್ಮ ಆಯಿಯ ಸಿದ್ಧಾಂತ. ಆಯಿ ಎಂದರೆ ನನ್ನ ಅಪ್ಪನ ತಾಯಿ. ಗೊಳಸಂಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಆಕೆ ಎಷ್ಟು ವರ್ಷಗಳಿಂದ ಇದನ್ನು ಹೇಳುತ್ತಿದ್ದಾಳೋ ಅಷ್ಟೇ ವರ್ಷಗಳಿಂದ ನಾನು ಖಂಡಿಸುತ್ತಿದ್ದೇನೆ. ಹೈಸ್ಕೂಲಿನಲ್ಲಿ ಚರ್ಚಾಸ್ಪರ್ಧೆಗೆ ಸೇರುವ ಮೊದಲೇ ನನಗೆ ವಾದ ಕಲಿಸಿದ್ದು ಈ ಸಪ್ಪನ ನೀರು. ಮೊದಲನೆಯದಾಗಿ, ಕಾಲುವೆಗೆ ಹೋಗುವ ನೀರು ಕರೆಂಟ್ ತೆಗೆಯುವ ಯಂತ್ರದ ಹತ್ತಿರವೂ ಸುಳಿಯುವುದಿಲ್ಲ. ಎರಡನೆಯದಾಗಿ, ನೀರು ಬೀಳುವ ರಭಸಕ್ಕೆ ಚಕ್ರ ತಿರುಗುತ್ತದೆಯೇ ಹೊರತು ನೀರಿನೊಳಗಿಂದ ಏನನ್ನೂ ಹಿಂಡಿ ತೆಗೆಯುವುದಿಲ್ಲ. ಮೂರನೆಯದಾಗಿ, ರೊಟ್ಟಿಗೆ ರುಚಿ ಇಲ್ಲದಿರುವುದಕ್ಕೆ ಕಾರಣ ಆಯಿಗೆ ಹಲ್ಲು ಇಲ್ಲದಿರುವುದು. ಆಯಿ ಎಲ್ಲವನ್ನೂ ಕೇಳಿಸಿಕೊಂಡು, ತನ್ನ ಮಗ ಕಾಲುವೆ ಆಫೀಸಿನಲ್ಲೇ ಇದ್ದಾನೆ, ತನಗೆ ಗೊತ್ತಿಲ್ಲವೇ ಎಂದು ಮುಗಿಸುತ್ತಿದ್ದಳು. ಆ ಮಗ, ಎಂದರೆ ನನ್ನ ಅಪ್ಪ, ಯಾರ ಪಕ್ಷವನ್ನೂ ಹಿಡಿಯದೆ ನಗುತ್ತ ಎದ್ದು ಹೋಗುತ್ತಿದ್ದ.

ಒಂದು ಮಧ್ಯಾಹ್ನ ಮುದ್ದೇಬಿಹಾಳದ ನನ್ನ ಬಾಡಿಗೆ ಕೋಣೆಯಿಂದ ಮನೆಗೆ ಫೋನ್ ಮಾಡಿದೆ. ಅಲ್ಲಿನ ಒಂದು ಪಿಯು ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ಅವ್ವ ಹಿತ್ತಲಲ್ಲಿದ್ದಳು, ಫೋನನ್ನು ಆಯಿ ಎತ್ತಿದಳು. ಕಾಲುವೆಗೆ ನೀರು ಬಿಟ್ಟಿದ್ದಾರೆ ಎಂದಳು. ಎಂದಿನಂತೆ ಅಲ್ಲಿಂದ ಕರೆಂಟಿಗೆ ಬಂದಳು, ಕರೆಂಟಿನಿಂದ ರೊಟ್ಟಿಗೆ ಬಂದಳು. ನಾನು, "ಹೌದು ಆಯಿ, ಇರಬಹುದು" ಎಂದೆ.

ನಡೆದದ್ದು ಇಷ್ಟೇ. ನನ್ನ ದನಿ ನಡುಗಿರಲಿಲ್ಲ. ಎಲ್ಲರ ಕ್ಷೇಮ ಕೇಳಿದೆ, ಎಲ್ಲರಿಗೂ ಒಳ್ಳೆಯ ಮಾತು ಹೇಳಿದೆ. ಆಯಿ ಫೋನ್ ಇಟ್ಟವಳೇ ಊಟಕ್ಕೆ ಕೂತಿದ್ದ ಅಪ್ಪನಿಗೆ ಏನು ಹೇಳಿದಳು ಎಂಬುದನ್ನು ಅವ್ವ ನನಗೆ ಆಮೇಲೆ ಹೇಳಿದಳು: "ಅಕಿ ಹೌದು ಅಂದ್ಲೋ. ಕೈ ತೊಳಿ. ಈಗಿಂದೀಗ ಹೋಗಿ ಕರ್ಕೊಂಡ್ ಬಾ."

ಆ ಮಧ್ಯಾಹ್ನ ನಾನು ಸಾಯುವುದೆಂದು ತೀರ್ಮಾನಿಸಿದ್ದೆ. ಹೇಗೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಾಚಿಕೆಯಿಂದಲ್ಲ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಆ ದಿನದ ನನ್ನಂತೆಯೇ ಇರಬಹುದು, ಅವರಿಗೆ ಆ ವಿವರ ಉಪಕಾರ ಮಾಡುವುದಿಲ್ಲ. ಅವರಿಗೆ ಹೇಳಬೇಕಾದದ್ದು ಬೇರೆ ಇದೆ.

ಬಾಗಿಲು ಬಡಿದದ್ದು ಕೇಳಿ ತೆರೆದರೆ ಅಪ್ಪ ನಿಂತಿದ್ದ. ಬೈಕಿನಲ್ಲಿ ಬಂದು ಮುಖವೆಲ್ಲ ಧೂಳು. ಅಂಗಿಯ ತೋಳಿಗೆ ಸಾರಿನ ಕಲೆ ಹಾಗೇ ಇತ್ತು. ಆಯಿ ನಿನ್ನನ್ನು ನೋಡಬೇಕಂತೆ ಎಂದ. ನಾನು ನಾಳೆ ಬರುತ್ತೇನೆ ಎಂದೆ, ಇವತ್ತು ಯಾಕೆ ಬರಲಾಗುವುದಿಲ್ಲ ಎಂಬುದಕ್ಕೆ ಒಳ್ಳೆಯ ಕಾರಣಗಳನ್ನೂ ಕೊಟ್ಟೆ. ಅಪ್ಪ ತಲೆಯಾಡಿಸುತ್ತಲೇ ನನ್ನ ಚೀಲ ಎತ್ತಿಕೊಂಡು ಹೋಗಿ ಬೈಕಿನ ಟ್ಯಾಂಕಿನ ಮೇಲಿಟ್ಟ. ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದ. ಏನನ್ನೂ ಕೇಳಲಿಲ್ಲ. ಚಹಾ ಆರುತ್ತಿದೆ ಎಂದಷ್ಟೇ ಹೇಳಿದ. ಈಗಲೂ ಕಷ್ಟದಲ್ಲಿರುವವರನ್ನು ಹೇಗೆ ಕರೆತರಬೇಕು ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಸಾರಿನ ಕಲೆ, ಆ ಆರಿದ ಚಹಾ.

ನನ್ನದು ಅಳುವ ಕಾಯಿಲೆ ಆಗಿರಲಿಲ್ಲ, ವಾದಿಸುವ ಕಾಯಿಲೆ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಖಿನ್ನತೆ ಎಂದರೆ ಮೂಲೆಯಲ್ಲಿ ಕೂತು ಅಳುವುದು ಎಂದೇ ನಾನೂ ತಿಳಿದಿದ್ದೆ. ನನಗೆ ಅಳು ಬರುತ್ತಿರಲಿಲ್ಲ. ನಿದ್ದೆ ಹೋಗಿತ್ತು, ಹಸಿವು ಹೋಗಿತ್ತು, ಕ್ಲಾಸಿನಲ್ಲಿ ಒಂದು ವಾಕ್ಯ ಮುಗಿಸಲು ಗೋಡೆ ತಳ್ಳಿದಷ್ಟು ಶ್ರಮ ಆಗುತ್ತಿತ್ತು. ಆದರೆ ತಲೆಯೊಳಗೆ ಒಬ್ಬ ಚೊಕ್ಕ ವಾಗ್ಮಿ ಎದ್ದು ನಿಂತಿದ್ದ. ನೀನಿಲ್ಲದಿದ್ದರೆ ಯಾರಿಗೆ ಏನು ನಷ್ಟ? ಮೊದಲನೆಯದಾಗಿ, ಎರಡನೆಯದಾಗಿ. ಶಾಲೆಯಿಂದ ವಿಶ್ವವಿದ್ಯಾಲಯದವರೆಗೆ ನನಗೆ ಕಲಿಸಿದ್ದು ಒಂದೇ: ಎದುರಾಳಿ ಉತ್ತರ ಕೊಡದ ಅಂಶವನ್ನು ಒಪ್ಪಿಕೊಂಡಂತೆ ಲೆಕ್ಕ. ಇಲ್ಲಿ ಎದುರಾಳಿಯೂ ನಾನೇ, ಉತ್ತರ ಕೊಡುವ ತ್ರಾಣ ಎದುರಾಳಿಗೆ ಇಲ್ಲ. ಹೀಗಾಗಿ ನಾನು ಗೆದ್ದೆ. ಗೆದ್ದ ಮೇಲೆ ಬಂದ ಶಾಂತಿಯನ್ನು ತಿಳಿವು ಅಂದುಕೊಂಡೆ. ಅದು ಕಾಯಿಲೆಯ ತುತ್ತತುದಿ ಎಂದು ಗುರುತಿಸಿದ್ದು ಆಯಿ ಒಬ್ಬಳೇ. ಹೇಗೆ ಗುರುತಿಸಿದಳು ಎಂದು ಆಗ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನಿದ್ದೆಯೂ ಊಟವೂ ಇಲ್ಲದ ನನ್ನ ಸ್ಥಿತಿ ಕಂಡು ಮನೆಯಲ್ಲಿ ಎಲ್ಲರೂ ಕಾರಣ ಹುಡುಕತೊಡಗಿದರು. ಅವ್ವನಿಗೆ, ಎರಡು ಸಲ ಕೂಡಿಬಂದು ತಪ್ಪಿಹೋದ ನನ್ನ ಮದುವೆ ಕಾರಣ. ಅಪ್ಪನಿಗೆ, ನಾನು ಊರು ಬಿಟ್ಟು ಒಬ್ಬಳೇ ಇದ್ದದ್ದು ಕಾರಣ. ನನ್ನ ಅಣ್ಣ ಇಂಡಿಯಿಂದ ನಿಂಬೆಹಣ್ಣಿನ ಲೋಡು ಹಾಕಿಕೊಂಡು ಊರೂರು ತಿರುಗುವವನು. ಫೋನಿನಲ್ಲೇ, ಈ ಅತಿಥಿ ಉಪನ್ಯಾಸಕರ ಕೆಲಸಕ್ಕೆ ಗ್ಯಾರಂಟಿ ಇಲ್ಲ, ಅದೇ ಕಾರಣ ಎಂದು ತೀರ್ಪು ಕೊಟ್ಟ. ಅಣ್ಣನ ಹೆಂಡತಿ, ನಮ್ಮ ವೈನಿ, ನನ್ನ ತಲೆ ಬಾಚುತ್ತ ಮೆಲ್ಲಗೆ ಕೇಳಿದಳು: "ಯಾರರೆ ಅದಾರೇನ್ ಸುಜಾತಾ? ನನ್ನ ಮುಂದ ಹೇಳು. ಜಾತಿ ಬ್ಯಾರೆ ಇದ್ರೂ ನಾ ಅತ್ತಿ ಮುಂದ ಬಾಯಿ ಬಿಡೂದಿಲ್ಲ." ಯಾರೂ ಇಲ್ಲ ಎಂದಾಗ ಆಕೆಗೆ ನನ್ನ ಕಾಯಿಲೆಗಿಂತ ಅದೇ ಹೆಚ್ಚು ಬೇಸರ ತಂದಂತೆ ಕಂಡಿತು. ಆಮೇಲೆ ಯೋಚಿಸಿದೆ: ಪ್ರತಿಯೊಬ್ಬರೂ ತಂದ ಕಾರಣ ಅವರವರ ಭಯವೇ. ನನ್ನ ಬಗ್ಗೆ ಅದು ಹೇಳಿದ್ದಕ್ಕಿಂತ ಅವರ ಬಗ್ಗೆ ಹೇಳಿದ್ದೇ ಜಾಸ್ತಿ.

ಇದರಲ್ಲಿ ನಾನೇನೂ ಮೇಲಲ್ಲ. ಆತ್ಮಹತ್ಯೆಯ ಕಾರಣಗಳ ಮೇಲೆ ನಾನು ಹಿಂದೆ ಚರ್ಚಾಸ್ಪರ್ಧೆಯಲ್ಲಿ ಮಾತಾಡಿ ಕಪ್ ಗೆದ್ದವಳು. ವಯಸ್ಸಿಗೊಂದರಂತೆ ಕಾರಣ ಜೋಡಿಸಿಟ್ಟುಕೊಂಡಿದ್ದೆ. ಶಾಲೆಯ ಮಕ್ಕಳಿಗೆ ಪರೀಕ್ಷೆ, ಹರೆಯಕ್ಕೆ ಪ್ರೇಮ ಮತ್ತು ನೌಕರಿ, ನಡುವಯಸ್ಸಿಗೆ ಸಂಸಾರ ಮತ್ತು ಸಾಲ, ಮುಪ್ಪಿಗೆ ಒಂಟಿತನ. ಸಭೆಯಲ್ಲಿ ಇಂಥ ಪಟ್ಟಿ ಚೆನ್ನಾಗಿ ಕೇಳಿಸುತ್ತದೆ. ತೀರ್ಪುಗಾರರು ತಲೆದೂಗುತ್ತಾರೆ. ನನ್ನ ಕಾಯಿಲೆಯನ್ನು ಆ ಪಟ್ಟಿಯಲ್ಲಿ ಎಲ್ಲಿಡುವುದು ಎಂದು ನೋಡಿದರೆ ಜಾಗವೇ ಇಲ್ಲ. ಪರೀಕ್ಷೆ ಮುಗಿದು ಎಷ್ಟೋ ಕಾಲ, ಪ್ರೇಮ ಇಲ್ಲ, ನೌಕರಿ ಅರೆಬರೆಯಾದರೂ ಇದೆ.

ಕೊನೆಗೆ ಅಪ್ಪ, ಅವ್ವ ನನ್ನನ್ನು ಕರೆದೊಯ್ದ ವಿಜಯಪುರದ ಆಸ್ಪತ್ರೆಯಲ್ಲಿ ಮನೋವೈದ್ಯರ ಕೋಣೆಯ ಹೊರಗೆ ಉದ್ದನೆಯ ಬೆಂಚುಗಳು. ಅವ್ವ ಸೆರಗು ತಲೆ ತುಂಬ ಹೊದ್ದು ಕೂತಿದ್ದಳು, ಪರಿಚಯದವರು ಕಂಡಾರೆಂದು. ಆದರೆ ಅಲ್ಲಿಗೆ ಬಂದ ಹೆಂಗಸರೆಲ್ಲ ಹಾಗೇ ಹೊದ್ದು ಕೂತಿದ್ದರಿಂದ ಯಾರಿಗೆ ಯಾರೂ ಕಾಣುತ್ತಿರಲಿಲ್ಲ. ನಮ್ಮ ಪಕ್ಕದಲ್ಲಿ ಇಂಡಿ ಕಡೆಯ ಒಬ್ಬ ತಾಯಿ, ಮಗಳು. ಮಗಳು ಪರೀಕ್ಷೆಯಲ್ಲಿ ಫೇಲಾಗಿ ಹೀಗೆ ಮಾಡಿಕೊಂಡಳು ಎಂದು ನಾವು ಕೇಳದೆಯೇ ತಾಯಿ ಹೇಳಿದಳು. ತಾಯಿ ನೀರು ತರಲು ಎದ್ದುಹೋದಾಗ ಮಗಳು ನನಗೆ ಹೇಳಿದ್ದು ಬೇರೆ: ಅದಕ್ಕೆ ಒಂದು ವರ್ಷ ಮೊದಲೇ ಪುಸ್ತಕ ಹಿಡಿದರೆ ಅಕ್ಷರ ಕಾಣುತ್ತಿದ್ದವು, ಅರ್ಥ ಒಳಗೆ ಬರುತ್ತಿರಲಿಲ್ಲ, ಫೇಲಾದದ್ದು ಅದರಿಂದ. ಮನೆಯವರು ಕಾರಣ ಎಂದದ್ದು ಪರಿಣಾಮ ಆಗಿತ್ತು. ಪರೀಕ್ಷೆಯ ಒತ್ತಡ ಸುಳ್ಳು ಎನ್ನುತ್ತಿಲ್ಲ. ಆ ಹುಡುಗಿಯ ಹೆಗಲ ಮೇಲೆ ಅದೂ ಇತ್ತು. ಆದರೆ ಅದೊಂದೇ ಇರಲಿಲ್ಲ.

ಎದುರು ಬೆಂಚಿನಲ್ಲಿ ಸಿಂದಗಿಯಿಂದ ಬಂದಿದ್ದ ಒಬ್ಬ ಟೇಲರ್. ವ್ಯಾಪಾರ ಬಿದ್ದುಹೋಯಿತು ಎಂದು ಹೆಂಡತಿ ಹೇಳುತ್ತಿದ್ದಳು. ಆತ ನಡುವೆ ಬಾಯಿ ಹಾಕಿ, "ವ್ಯಾಪಾರ ಇದಕ್ಕಿಂತ ಬಿದ್ದಾಗ ನಾ ಹಾಡಕೋತ ಅಂಗಿ ಹೊಲ್ದೇನ್ರಿ" ಎಂದ. ಹೆಂಡತಿ, "ಹಾಡತಿದ್ರು, ಅದಕ್ಕ ಗಿರಾಕಿ ಬರಲಿಲ್ಲ" ಎಂದಳು. ಇಬ್ಬರೂ ನಕ್ಕರು. ಬೆಂಚಿನ ತುಂಬ ಕೂತಿದ್ದ ನಾವೆಲ್ಲ ನಕ್ಕೆವು. ಆ ಜಾಗದಲ್ಲಿ ನಗಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ.

ವಯಸ್ಸಾದವರೂ ಅಲ್ಲಿ ಬೇಕಾದಷ್ಟು ಜನ ಇದ್ದರು. ಚೀಲ ಹಿಡಿದುಕೊಂಡು, ಬಾಟಲಿ ಹಿಡಿದುಕೊಂಡು ಕೂತಿದ್ದರು. ಅವರಲ್ಲಿ ಒಬ್ಬರೂ ರೋಗಿಗಳಲ್ಲ, ಎಲ್ಲರೂ ಜೊತೆಗೆ ಬಂದವರು. ಕಣ್ಣಿಗೆ ಬಿದ್ದಿತ್ತು, ಬುದ್ಧಿಗೆ ತಾಗಲಿಲ್ಲ.

ಡಾಕ್ಟರ್ ನಡುವಯಸ್ಸಿನ ಹೆಂಗಸು. ಪೀಠಿಕೆ ಇಲ್ಲದೆ ಕೇಳಿದರು: "ಸಾಯಬೇಕು ಅಂತ ಅನಸ್ತೈತೇನು?" ಅವ್ವ ಬೆಚ್ಚಿಬಿದ್ದಳು. ಅಂಥ ಮಾತನ್ನು ಬಾಯಲ್ಲಿ ತಂದರೆ ಇಲ್ಲದ್ದೂ ಬಂದೀತು ಎಂಬುದು ನಮ್ಮ ಮನೆಗಳ ನಂಬಿಕೆ. ನನಗಾದದ್ದು ತದ್ವಿರುದ್ಧ. ಎಷ್ಟೋ ತಿಂಗಳಿಂದ ಒಬ್ಬಳೇ ಹೊತ್ತಿದ್ದ ಮೂಟೆಯ ಇನ್ನೊಂದು ತುದಿಯನ್ನು ಯಾರೋ ಹಿಡಿದಂತಾಯಿತು. ಹೌದು ಎಂದೆ. ಆಮೇಲೆ ಚಾಳಿ ಬಿಡದೆ ವಾದಕ್ಕಿಳಿದೆ. ನನ್ನ ತೀರ್ಮಾನ ಕಾಯಿಲೆಯಲ್ಲ, ತರ್ಕ. ತರ್ಕಕ್ಕೆ ಗುಳಿಗೆ ಹೇಗೆ ಉತ್ತರವಾದೀತು? ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಮುಗಿದ ಮೇಲೆ ಹೇಳಿದರು: "ನೀವು ಗೆದ್ರಿ. ನನಗ ಉತ್ತರ ಬರೂದಿಲ್ಲ. ಈ ಗುಳಿಗಿ ತಗೊಳ್ರಿ, ರಾತ್ರಿ ನಿದ್ದಿ ಮಾಡ್ರಿ, ಮುಂದಿನ ವಾರ ಬಂದು ಇದೇ ವಾದ ಮತ್ತ ಮಾಡ್ರಿ. ಆಗೂ ಗೆಲ್ತೀರೇನು ನೋಡೂಣು."

ಇಂಥ ಎದುರಾಳಿಯನ್ನು ನಾನು ಕಂಡಿರಲಿಲ್ಲ.

ಅಪ್ಪನನ್ನು ಬೇರೆಯಾಗಿ ಕರೆದು, ಮನೆಯಲ್ಲಿ ಏನೇನನ್ನು ಕೈಗೆ ಸಿಗದಂತೆ ಇಡಬೇಕು ಎಂದು ಹೇಳಿದರು. ಕೆಲವು ವಾರ ನನ್ನನ್ನು ಒಬ್ಬಳನ್ನೇ ಬಿಡಬಾರದು ಎಂದೂ ಹೇಳಿದರು. ಅಪ್ಪನಿಗೆ ಅದು ತನ್ನ ಕೆಲಸದ ಭಾಷೆಯಲ್ಲಿ ಅರ್ಥವಾಯಿತು. ಆಲಮಟ್ಟಿಯ ಕಾಲುವೆ ಆಫೀಸಿನಲ್ಲಿ ಅಪ್ಪನ ಕೆಲಸವೇ ಪಾಳಿ ಹಚ್ಚುವುದು: ಯಾವ ಹೊಲಗಾಲುವೆಗೆ ಯಾವಾಗ ನೀರು, ಯಾರ ಸರದಿ ಎಲ್ಲಿ ಮುಗಿದು ಯಾರದು ಎಲ್ಲಿ ಶುರು. ಮನೆಗೆ ಬಂದವನೇ ಎಲ್ಲರನ್ನೂ ಕೂಡಿಸಿ ನನಗೂ ಪಾಳಿ ಹಚ್ಚಿದ. ಮುಂಜಾನೆ ಅವ್ವ, ಮಧ್ಯಾಹ್ನ ಆಯಿ, ಸಂಜೆ ವೈನಿ, ಉಳಿದದ್ದು ತಾನು. ಕಾಲುವೆಯ ಕಟ್ಟಳೆಯೇ ಇಲ್ಲಿಗೂ: ಮುಂದಿನವರು ತೂಬಿನ ಹತ್ತಿರ ಬಂದು ನಿಂತ ಮೇಲೇ ಹಿಂದಿನವರು ಏಳಬೇಕು. ನಾನು, "ನಾ ಏನು ಹೊಲಾ ಏನಪಾ?" ಎಂದೆ. ಅಪ್ಪ, "ಹೌದು, ಒಣಗೇದಿ" ಎಂದ.

ಇನ್ನು ಓಣಿಗೆ ಏನು ಹೇಳುವುದು? ಇಲ್ಲಿ ಅವ್ವ ಒಂದು ಜಾಣತನ ಮಾಡಿದಳು, ಅದು ನಮಗೆಲ್ಲ ತುಟ್ಟಿಯಾಯಿತು. ಸುಜಾತಾಗೆ ಕಾಮಣಿ ಆಗಿದೆ ಎಂದುಬಿಟ್ಟಳು. ಕಾಮಣಿ ಅಂದರೆ ಕಾಮಾಲೆ. ನೋಡಿದರೆ ಹೊಂದುವ ಸುಳ್ಳೇ: ಹಗಲೆಲ್ಲ ಮಲಗುವುದು, ಸೊರಗಿದ ಮುಖ, ಗುಳಿಗೆ, ಕೆಲಸಕ್ಕೆ ರಜೆ, ಎಲ್ಲಕ್ಕೂ ಕಾಮಣಿ ಸಾಕು. ಆದರೆ ನಮ್ಮ ಕಡೆ ಕಾಮಣಿಗೆ ಪಥ್ಯ ಉಂಟು, ಪಥ್ಯ ಇಡೀ ಓಣಿಯ ಜವಾಬ್ದಾರಿ. ಎಣ್ಣೆ ಇಲ್ಲ, ಖಾರ ಇಲ್ಲ, ಉಪ್ಪೂ ಇಲ್ಲ. ಪಕ್ಕದ ಮನೆಯ ನೀಲವ್ವ ಕಾಕಿ ಊಟದ ಹೊತ್ತಿಗೆ ಸರಿಯಾಗಿ ಬಂದು ನನ್ನ ತಾಟು ನೋಡಿ ಹೋಗುತ್ತಿದ್ದಳು. ಮೊದಲೇ ಹಸಿವಿಲ್ಲದವಳಿಗೆ ಸಪ್ಪನ ಅನ್ನ, ಮಜ್ಜಿಗೆ. ಅಣ್ಣ ಸಮಾಚಾರ ಕೇಳಿ ಇಂಡಿಯಿಂದ ಚೀಲಗಟ್ಟಲೆ ನಿಂಬೆಹಣ್ಣು ಕಳಿಸಿದ. ಓಣಿಯ ಮುಂದೆ ಅವನೂ ಸುಳ್ಳನ್ನು ನಿಭಾಯಿಸಬೇಕಲ್ಲ. ಮನೆಯವರೆಲ್ಲ ನಿಂಬೆ ಪಾನಕ ಕುಡಿದು ಕುಡಿದು ಹಲ್ಲು ಜುಮ್ಮೆನ್ನುತ್ತಿದ್ದವು.

ನೀಲವ್ವ ಕಾಕಿ ಅಷ್ಟಕ್ಕೇ ಬಿಡಲಿಲ್ಲ. ಸಿಂದಗಿ ಕಡೆಯ ಹಳ್ಳಿಯಲ್ಲಿ ಕಾಮಣಿಗೆ ಸೊಪ್ಪಿನ ಔಷಧಿ ಕೊಡುವವನೊಬ್ಬನಿದ್ದಾನೆಂದು ತಾನೇ ಬಸ್ಸು ಹತ್ತಿ ಹೋಗಿ ತಂದಳು. ಅವ್ವ ಡಾಕ್ಟರಿಗೆ ಫೋನ್ ಮಾಡಿ ಕೇಳಿದಳು, ಬೇಡ ಎಂದರು. ಕಾಕಿಗೆ ನಿಜ ಹೇಳುವಂತಿಲ್ಲ, ನನಗೆ ಕುಡಿಸುವಂತಿಲ್ಲ. ಅವ್ವ ಅದನ್ನು ಹಿತ್ತಲ ಕರಿಬೇವಿನ ಗಿಡಕ್ಕೆ ಸುರಿದು ಬಂದಳು. ನಾನು ಮಲಗಿದ್ದಲ್ಲಿಂದಲೇ, ಗಿಡದ ಎಲೆಗಳು ಇನ್ನಷ್ಟು ಹಸಿರಾದರೆ ಕಾಮಣಿ ವಾಸಿಯಾಯಿತು ಅಂತಲೇ ಲೆಕ್ಕವೇ ಎಂದೆ. ಅವ್ವ ಒಲೆಯ ಮುಂದೆ ಕೂತು ಅಳತೊಡಗಿದಳು. ವೈನಿ ಗಾಬರಿಯಾಗಿ ಓಡಿಬಂದಳು. ಏನೂ ಆಗಿರಲಿಲ್ಲ. ಎಷ್ಟೋ ದಿನಗಳ ಮೇಲೆ ನಾನು ಒಂದು ಕೊಂಕು ಮಾತಾಡಿದ್ದೆ.

ಗುಳಿಗೆಯ ಬಗ್ಗೆ ಇಷ್ಟು ಹೇಳುತ್ತೇನೆ: ಬೇಗ ಏನೂ ಆಗಲಿಲ್ಲ. ಬಾಯಿ ಒಣಗುತ್ತಿತ್ತು, ಮುಂಜಾನೆ ತಲೆ ಭಾರ. ಬಿಟ್ಟುಬಿಡುವುದಕ್ಕೆ ಕಾರಣಗಳು ಸಿದ್ಧವಾಗಿದ್ದವು, ಅವನ್ನು ಡಾಕ್ಟರಿಗೇ ಹೇಳಿದೆ, ಅವರು ಗುಳಿಗೆ ಬದಲಿಸಿದರು. ಪ್ರತಿ ಸಲ ಹೋದಾಗಲೂ ಹಳೆಯ ವಾದವನ್ನು ಮತ್ತೆ ಮಂಡಿಸಲು ಹೇಳುತ್ತಿದ್ದರು. ಒಂದು ಸಲ ಅರ್ಧಕ್ಕೆ ನಿಲ್ಲಿಸಿದೆ. ನನ್ನ ಎರಡನೆಯ ಅಂಶಕ್ಕೆ ನನಗೇ ಉತ್ತರ ಹೊಳೆದಿತ್ತು. ವಾದ ಸೋತದ್ದಕ್ಕೆ ಅಷ್ಟು ಹಗುರಾದದ್ದು ಅದೇ ಮೊದಲು.

ಪಾಳಿಗೆ ಕೂರುವವರಲ್ಲಿ ಒಬ್ಬೊಬ್ಬರದು ಒಂದೊಂದು ರೀತಿ. ಅವ್ವ ಬೇಳೆ ಆರಿಸುತ್ತ ಕೂರುತ್ತಿದ್ದಳು, ಐದು ನಿಮಿಷಕ್ಕೊಮ್ಮೆ ಹಣೆ ಮುಟ್ಟಿ ನೋಡುತ್ತಿದ್ದಳು, ಜ್ವರ ಇರಬಹುದೇನೋ ಎಂಬಂತೆ. ವೈನಿ ಫೋನಿನಲ್ಲಿ ಸೀರೆಗಳನ್ನು ತೋರಿಸುತ್ತಿದ್ದಳು. ಆಯಿ ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆಗಳ ಪದರಗಳ ಮೇಲೆ ಸೂಜಿ ಹೋಗುವುದು, ಬರುವುದು. ಮಾತಿಲ್ಲ. ಆಕೆಗೆ ಸೂಜಿಯ ಕಣ್ಣು ಕಾಣುತ್ತಿರಲಿಲ್ಲವಾದ್ದರಿಂದ ದಾರ ಪೋಣಿಸಿ ಕೊಡುವುದು ನನ್ನ ಕೆಲಸ. ದಿನಗಳು ಹೋದಂತೆ ಆ ಮಧ್ಯಾಹ್ನಗಳಿಗಾಗಿ ನಾನು ಕಾಯತೊಡಗಿದ್ದೆ.

ಹಾಗೊಂದು ಮಧ್ಯಾಹ್ನ, ದಾರ ಪೋಣಿಸಿ ಕೊಟ್ಟಾಗ ಆಯಿ, ದೇವರು ತನ್ನನ್ನು ಯಾವಾಗ ಕರೆದುಕೊಳ್ಳುತ್ತಾನೋ ಎಂದಳು. ಈ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ನಮ್ಮ ಕಡೆ ವಯಸ್ಸಾದವರು ಕೆಮ್ಮಿದಷ್ಟು ಸಹಜವಾಗಿ ಇದನ್ನು ಹೇಳುತ್ತಾರೆ. ನೂರು ವರ್ಷ ಇರುತ್ತೀ ಬಿಡು ಎನ್ನುವುದು ಉಳಿದವರ ಉತ್ತರ, ಅದೂ ತಲೆಯೆತ್ತಿ ನೋಡದೆ. ನನ್ನ ಬಾಯಿಗೂ ಅದೇ ಬಂತು. ಆದರೆ ಡಾಕ್ಟರ್ ನನ್ನನ್ನು ಕೇಳಿದ್ದು ನೆನಪಾಯಿತು. ಕಾಯಿಲೆ ಬಿದ್ದವಳು ನಾನೆಂದು ಅವರು ನನಗೆ ಆ ಪ್ರಶ್ನೆ ಕೇಳಿದ್ದರು. ನನ್ನನ್ನು ಕಾಯಲು ಕೂತವಳನ್ನು ಯಾರು ಕೇಳಿದ್ದರು?

"ಆಯಿ, ಇದು ಸುಮ್ನ ಅನ್ನೂ ಮಾತೇನು, ಇಲ್ಲಾ ಖರೇನ ಸಾಯಬೇಕು ಅನಸ್ತೈತೇನು?"

ಸೂಜಿ ನಿಂತಿತು. ಆಯಿ ನನ್ನ ಮುಖ ನೋಡಲಿಲ್ಲ, ಕೌದಿಯನ್ನೇ ನೋಡುತ್ತಿದ್ದಳು.

"ಯಾರೂ ಕೇಳಿರಲಿಲ್ಲ ನೋಡವಾ."

"ನಾ ಕೇಳಾಕತ್ತೇನಿ."

"ಅನಸ್ತೈತಿ. ಮುಂಜಾನೆ ಕಣ್ಣ ಬಿಟ್ಟ ಕೂಡ್ಲೆ ಅನಸ್ತೈತಿ. ಮಧ್ಯಾಹ್ನ ನಿನ್ನ ಹಂತ್ಯಾಕ ಬಂದು ಕುಂತ್ರ ಕಡಿಮಿ ಆಗ್ತೈತಿ."

ಆ ಮೇಲೆ ಆಯಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಆಕೆಗೆ ಇದು ಮೊದಲ ಸಲವಲ್ಲ. ಅಪ್ಪನಿಗಿಂತ ದೊಡ್ಡ ಮಗು ಹುಟ್ಟಿದ ಬಾಣಂತನದಲ್ಲಿ, ನನಗಿಂತ ಚಿಕ್ಕ ವಯಸ್ಸಿನಲ್ಲಿ, ಹೀಗೇ ಆಗಿತ್ತು. ಮಗುವಿನ ಮುಖ ನೋಡಿದರೂ ಏನೂ ಅನಿಸುತ್ತಿರಲಿಲ್ಲವಂತೆ. ಮನೆಯವರು ಗಾಳಿ ಬಡಿದಿದೆ ಎಂದು ದಾರ ಕಟ್ಟಿಸಿದರು. ಆಯಿ ಎಲ್ಲರ ಮಾತಿಗೂ ಹೂಂ ಎನ್ನತೊಡಗಿದಳು. ಅತ್ತೆ ಬೈದರೂ ಹೂಂ, ಗಂಡ ಕರೆದರೂ ಹೂಂ. ಎಲ್ಲರಿಗೂ ಸಮಾಧಾನವಾಯಿತು, ಸೊಸೆಗೆ ಬುದ್ಧಿ ಬಂತೆಂದು. ಆಕೆಯ ನೆಗೆಣ್ಣಿ, ಎಂದರೆ ಓರಗಿತ್ತಿ, ಒಬ್ಬಳಿಗೆ ಮಾತ್ರ ಸಂಶಯ ಬಂತು. ಆ ನೆಗೆಣ್ಣಿ ಕೌದಿ ತಂದು ಬಾಣಂತಿ ಕೋಣೆಯಲ್ಲಿ ಹೊಲಿಯುತ್ತ ಕೂತವಳು, ಬೇಸಿಗೆ ಮುಗಿಯುವವರೆಗೂ ಏಳಲಿಲ್ಲ. ಫೋನಿನಲ್ಲಿ ನನ್ನ ‘ಹೌದು’ ಕೇಳಿದಾಗ ಆಯಿ ಗುರುತಿಸಿದ್ದು ತನ್ನದೇ ಹಳೆಯ ಹೂಂ ಅನ್ನು. ಆ ನೆಗೆಣ್ಣಿ ಕೊನೆಗಾಲದಲ್ಲಿ ಮಸೂತಿ ಎಂಬ ಊರಿನಲ್ಲಿ ಮಗಳ ಮನೆಯಲ್ಲಿದ್ದಳು, ಹಿಂದಿನ ವರ್ಷ ತೀರಿಕೊಂಡಳು. ಈಗ ಆಯಿಯ ಕಿವಿಯೂ ಮಂದವಾಗಿ, ಫೋನು ಕಿವಿಗೊತ್ತಿಕೊಂಡಾಗ ಕೇಳಿಸುವಷ್ಟನ್ನು ಬಿಟ್ಟರೆ, ಮನೆಯವರ ಮಾತೆಲ್ಲ ಗೋಡೆಯಾಚೆ ನಡೆದಂತೆ ಕೇಳುತ್ತದಂತೆ.

ಅಗೋ, ಕಾರಣ ಸಿಕ್ಕಿತು, ಒಂಟಿತನ, ಪಟ್ಟಿಯಲ್ಲಿತ್ತಲ್ಲ ಎನ್ನುತ್ತೀರಾ? ಇತ್ತು. ಆದರೆ ಆಯಿ ತುಂಬಿದ ಮನೆಯಲ್ಲಿದ್ದಳು, ಸುತ್ತ ನಾವೆಲ್ಲ ಇದ್ದೆವು. ಬಾಣಂತನ, ಸಾವು, ಕಿವಿ, ಮೈಯೊಳಗಿನ ಯಾವುದೋ ಗುಣ, ಅದು ನನಗೂ ಬಂದಿರಬಹುದು: ಇವುಗಳಲ್ಲಿ ಒಂದನ್ನು ಎತ್ತಿ ಗೆಲ್ಲಿಸುವುದು ಸ್ಪರ್ಧೆಯಲ್ಲಿ ನಡೆಯುತ್ತದೆ. ಎದುರಿಗೆ ಕೂತ ಮನುಷ್ಯರಿಗೆ ಅದರಿಂದ ಪ್ರಯೋಜನವಿಲ್ಲ. ಒಂದು ವ್ಯತ್ಯಾಸ ಮಾತ್ರ ನನಗೆ ಸ್ಪಷ್ಟವಾಗಿ ಕಂಡಿತು. ನಾನು ಸಾಯಬೇಕೆಂದಾಗ ಮನೆಯವರೆಲ್ಲ ಕಾರಣಕ್ಕಾಗಿ ನೆಲ ಅಗೆದರು. ಆಯಿ ದಿನಾ ಅದನ್ನೇ ಬಾಯಿಬಿಟ್ಟು ಹೇಳುತ್ತಿದ್ದಳು, ಯಾರೂ ಒಂದು ಹಿಡಿ ಮಣ್ಣೂ ಸರಿಸಲಿಲ್ಲ. ವಯಸ್ಸೇ ಸಾಕಷ್ಟು ಕಾರಣ ಎಂದುಕೊಂಡಿದ್ದೆವು.

ಮಗನಿಗೆ ಹೇಳಬೇಡ ಎಂದಳು ಆಯಿ. ಹೇಳುತ್ತೇನೆ ಎಂದೆ. ಇದು ಬಚ್ಚಿಡುವ ಮಾತಲ್ಲ, ನನ್ನದನ್ನು ನೀನು ಬಚ್ಚಿಟ್ಟೆಯಾ ಎಂದೆ. ಆಯಿ ಮತ್ತೆ ಸೂಜಿ ಆಡಿಸತೊಡಗಿದಳು.

ಸಂಜೆ ಅಪ್ಪ ಅಂಗಳದಲ್ಲಿ ಕೈಕಾಲು ತೊಳೆಯುತ್ತಿದ್ದಾಗ ಹೇಳಿದೆ. ಅಪ್ಪನ ಮುಖದಲ್ಲಿ ನನಗಾಗಿ ಕಂಡಿದ್ದ ಗಾಬರಿ ಕಾಣಲಿಲ್ಲ.

"ವಯಸ್ಸಾದವರು ಹಂಗ ಅಂತಾರವಾ. ನಮ್ಮ ಮುತ್ಯಾನೂ ಅಂತಿದ್ದ."

ಆ ಅಜ್ಜನನ್ನು ಯಾರಾದರೂ ನಿಂತು ಕೇಳಿದ್ದರೇ ಎಂದೆ. ಅಪ್ಪ ಟವೆಲಿನಿಂದ ಮುಖ ಒರೆಸುತ್ತ, ಕೇಳುವುದೇನಿದೆ, ಎಂಬತ್ತರ ಹತ್ತಿರ ಬಂದವರಿಗೆ ಬೇಸರ ಇರುವುದೇ ಎಂದ. ಅಷ್ಟು ವರ್ಷ ವೇದಿಕೆಗಳ ಮೇಲೆ ನಾನು ಮಾತಾಡಿದ್ದೆಲ್ಲ ಕಪ್‌ಗಳಿಗಾಗಿ. ಈ ವಾದ ಸೋತರೆ ಹೋಗುವುದು ಆಯಿ.

"ಅಪ್ಪಾ, ಕಾಲವಿ ಕಡೀ ಹೊಲದವರು ನೀರಿಗಾಗಿ ನಿಮ್ಮ ಆಫೀಸಿಗೆ ಬಂದು ಜಗಳಾ ಮಾಡ್ತಾರಲ್ಲ?"

"ಮಾಡ್ತಾರ."

"ಒಂದ ವರ್ಷ ಬರೂದ ಬಿಟ್ರಂದ್ರ?"

ಅಪ್ಪ ಟವೆಲ್ ಇಳಿಸಿದ. ಅಪ್ಪ ಮನೆಯಲ್ಲಿ ಮತ್ತೆ ಮತ್ತೆ ಹೇಳುವ ಮಾತು ಅದು: ಕೊನೆಯ ಹೊಲದವರು ಬೈಯುವವರೆಗೆ ಚಿಂತೆಯಿಲ್ಲ, ಸುಮ್ಮನಾದರೆ ಅಲ್ಲಿಗೆ ನೀರು ಮುಟ್ಟದೆ ಎಷ್ಟೋ ಕಾಲವಾಗಿದೆ ಎಂದು ತಿಳಿಯಬೇಕು. ಆ ಹೊಲದವರಿಗೆ ನೀರು ಬೇಡವೆಂದು ಯಾವ ಕಾಲುವೆಯವನೂ ಬರೆದುಕೊಳ್ಳುವುದಿಲ್ಲ. ಇಷ್ಟನ್ನೂ ನಾನು ಹೇಳಬೇಕಾಗಲಿಲ್ಲ. ಅಪ್ಪ ಒಳಗೆ ಹೋಗಿ ಆಯಿಯ ಮುಂದೆ ಕೂತ. ಕೈ ಹಿಡಿಯುವ ರೂಢಿ ನಮ್ಮ ಮನೆಯಲ್ಲಿಲ್ಲ, ಕೌದಿಯ ಅಂಚು ಹಿಡಿದುಕೊಂಡ. "ಯವ್ವಾ, ನಾಳಿಗೆ ಬಿಜಾಪುರಕ್ಕ ಹೋಗೂಣು" ಎಂದ.

ಮರುದಿನ ಬಸ್ ಸ್ಟಾಪಿನಲ್ಲಿ ನೀಲವ್ವ ಕಾಕಿ ಸಿಕ್ಕಳು. ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ, ಕಾಮಣಿ ಇಳಿದಿದೆ ಎಂದು ಪ್ರಮಾಣಪತ್ರ ಕೊಟ್ಟಳು. 

"ಮತ್ತ ಆಯಿನ್ನ ಯಾಕ ಕರ್ಕೊಂಡ ಹೊಂಟೀರಿ? ಅಕೀಗೂ ಹತ್ತೇನು?"

ಅವ್ವ ಏನೋ ಹೊಸದನ್ನು ಹೆಣೆಯಲು ಬಾಯಿ ತೆರೆದಿದ್ದಳು. ಆಯಿ ಮುಂಚೆ ಮಾತಾಡಿದಳು.

"ಕಾಮಣಿ ಅಲ್ಲ ನೀಲವ್ವಾ. ಸಾಯಬೇಕು ಅನಸ್ತೈತಿ. ಇಕೀಗೂ ಅದ ಆಗಿತ್ತು. ಅದಕ್ಕ ಡಾಕ್ಟರ್ ಅದಾರಂತ."

ಕಿವಿ ಮಂದವಾದವರ ದನಿ ದೊಡ್ಡದು. ಬಸ್ ಸ್ಟಾಪಿಗೆಲ್ಲ ಕೇಳಿಸಿತು. ಅವ್ವ ಸೆರಗು ಎಳೆದುಕೊಂಡಳು. ನೀಲವ್ವ ಕಾಕಿ ನನ್ನ ಕಡೆ ತಿರುಗಿದಳು. ನಾನು ಬೈಗುಳಕ್ಕೆ ಸಿದ್ಧಳಾದೆ. ಸಿಂದಗಿಯ ಔಷಧಿ, ವಾರಗಟ್ಟಲೆ ಪಥ್ಯದ ಕಾವಲು, ಎಲ್ಲಕ್ಕೂ ಆಕೆಗೆ ಹಕ್ಕಿತ್ತು.

"ಹಂಗಂದ್ರ ಉಪ್ಪಿಲ್ಲದ್ದು ಸುಮ್ನ ಉಂಡ್ಯೇನ ತಂಗಿ?" ಎಂದಳು. ಬಸ್ಸು ಬಂತು. ಆಯಿಯನ್ನು ಹತ್ತಿಸಲು ತಾನೇ ಸೊಂಟ ಹಿಡಿದು ನೂಕಿದಳು. ಕಿಟಕಿಯ ಕೆಳಗೆ ಬಂದು, ಪಾಳಿಯಲ್ಲಿ ತನ್ನದೂ ಒಂದು ಹೊತ್ತು ಬರೆದುಕೊಳ್ಳಿ ಎಂದಳು. ಪಾಳಿಯ ವಿಷಯ ಆಕೆಗೆ ಯಾವಾಗಿನಿಂದ ಗೊತ್ತಿತ್ತೋ.

ಆ ಬೆಂಚಿನ ಮೇಲೆ ಈ ಸಲ ಚೀಲ ಹಿಡಿದು ಕೂತವಳು ನಾನು. ಪೇಶಂಟ್ ಯಾರು ಎಂದು ಸಿಸ್ಟರ್ ಕೇಳಿದಾಗ ಆಯಿ ನನ್ನ ಕಡೆ, ನಾನು ಆಯಿಯ ಕಡೆ ಬೆರಳು ತೋರಿಸಿದೆವು. ಡಾಕ್ಟರ್ ಆಯಿಯನ್ನೂ ಅದೇ ಪ್ರಶ್ನೆ ಕೇಳಿದರು. ಈ ಸಲ ಅವ್ವ ಬೆಚ್ಚಲಿಲ್ಲ. ಆಯಿಗೆ ಗುಳಿಗೆ ಕೊಟ್ಟರು, ಕಿವಿ ತೋರಿಸಲು ಬೇರೆ ವಿಭಾಗಕ್ಕೆ ಕಳಿಸಿದರು. ಕಿವಿಗೆ ಯಂತ್ರ ಬಂದ ಮೇಲೆ ಆಯಿ ಮೊದಲು ಮಾಡಿದ ಕೆಲಸ, ವೈನಿ ಫೋನಿನಲ್ಲಿ ತನ್ನ ಬಗ್ಗೆ ಏನೇನು ಮಾತಾಡುತ್ತಾಳೆ ಎಂದು ಕೇಳಿಸಿಕೊಂಡು ಜಗಳ ತೆಗೆದದ್ದು. ಮನೆಯಲ್ಲಿ ಅದನ್ನು ಹಬ್ಬದಂತೆ ಆಚರಿಸಿದೆವು ಎಂದರೆ ತಪ್ಪಾಗಲಾರದು.

ನಾನು ಪೂರ್ತಿ ಗುಣವಾದೆ ಎಂದು ಹೇಳುವುದಿಲ್ಲ. ಗುಳಿಗೆ ಇನ್ನೂ ಇದೆ. ಆ ವಾಗ್ಮಿ ಆಗೀಗ ತಲೆಯೊಳಗೆ ಎದ್ದು ನಿಲ್ಲುತ್ತಾನೆ, ಮೊದಲನೆಯದಾಗಿ ಎನ್ನುತ್ತಾನೆ. ಈಗ ನಾನು ಅವನ ಜೊತೆ ಒಬ್ಬಳೇ ವಾದಕ್ಕೆ ನಿಲ್ಲುವುದಿಲ್ಲ, ಯಾರಿಗಾದರೂ ಫೋನ್ ಮಾಡುತ್ತೇನೆ. ಇದನ್ನು ಓದುವವರಿಗೆ ಹೇಳಬೇಕೆಂದಿದ್ದದ್ದು ಇದೇ. ನಿಮಗೆ ಹಾಗನಿಸುತ್ತಿದ್ದರೆ ಒಬ್ಬರಿಗೆ ಹೇಳಿ, ವೈದ್ಯರ ಹತ್ತಿರ ಹೋಗಿ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹಾಗನಿಸುತ್ತಿರಬಹುದೇ ಎಂಬ ಸಂಶಯವಿದ್ದರೆ ನೇರವಾಗಿ ಕೇಳಿ. ಕೇಳಿದರೆ ಇಲ್ಲದ್ದು ಬರುವುದಿಲ್ಲ. ನಾನು ಸಂಶಯವಾದಿ, ಸುಲಭಕ್ಕೆ ಏನನ್ನೂ ಒಪ್ಪುವವಳಲ್ಲ, ಇದನ್ನು ಒಪ್ಪಿದ್ದೇನೆ.

ಮತ್ತೆ ಮುದ್ದೇಬಿಹಾಳದ ಕೆಲಸಕ್ಕೆ ಹೋಗುತ್ತಿದ್ದೇನೆ. ಮೊನ್ನೆ ಕ್ಲಾಸು ಮುಗಿಸಿ ಮನೆಗೆ ಫೋನ್ ಮಾಡಿದರೆ ಆಯಿ ಎತ್ತಿದಳು. ಕಾಲುವೆಗೆ ನೀರು ಬಿಟ್ಟಿದ್ದಾರೆ ಎಂದಳು. ನಾನೇ ಕೆಣಕಿದೆ, ಕರೆಂಟ್ ತೆಗೆದ ಸಪ್ಪನ ನೀರಲ್ಲವೇ ಎಂದು. ಆಯಿ, "ಇಲ್ಲವಾ, ನೀ ಹೇಳಿದ್ದ ಖರೆ ಇರಬೇಕು ಬಿಡು" ಎಂದಳು.

ಪುಸ್ತಕಗಳನ್ನು ಸ್ಟಾಫ್ ರೂಮಿನ ಮೇಜಿನ ಮೇಲೇ ಬಿಟ್ಟು, ಸಿಕ್ಕ ಬಸ್ಸು ಹತ್ತಿದೆ. ದಾರಿಯಲ್ಲಿ ಅವ್ವನಿಗೂ ನೀಲವ್ವ ಕಾಕಿಗೂ ಫೋನ್ ಮಾಡಿ, ಆಯಿಯ ಹತ್ತಿರ ಹೋಗಿ ಕೂರಿ, ನಾನು ಬರುವವರೆಗೆ ಏಳಬೇಡಿ ಎಂದೆ. ಮನೆ ಮುಟ್ಟಿದಾಗ ಆಯಿ ಇಬ್ಬರ ನಡುವೆ ಪಡಸಾಲೆಯಲ್ಲಿ ಕೂತಿದ್ದಳು. ನನ್ನನ್ನು ನೋಡಿ ನಕ್ಕಳು.

"ಬರ್ತೀಯೋ ಇಲ್ಲೋ ನೋಡಿದೆ" ಎಂದಳು.

ಅದು ತಮಾಷೆಯಷ್ಟೇ ಆಗಿತ್ತು ಎಂದು ನಾನು ನಂಬಲಿಲ್ಲ. ಮುಂಜಾನೆ ಏಳುವುದು ಕಷ್ಟವಾಯಿತಂತೆ, ಚಹಾ ಮುಟ್ಟಿಲ್ಲವಂತೆ, ಅವ್ವ ಕಣ್ಣಲ್ಲೇ ಹೇಳಿದಳು. ಪಕ್ಕದಲ್ಲಿ ಕೂತೆ. ಮುಂದಿನವಳು ಬಂದಳೆಂದು ನೀಲವ್ವ ಕಾಕಿ ಎದ್ದು ಚಹಾಕ್ಕಿಟ್ಟಳು. ಆಯಿ ಕೌದಿ ತೊಡೆಯ ಮೇಲೆಳೆದು ಸೂಜಿ, ದಾರ ನನ್ನ ಕೈಗೆ ಕೊಟ್ಟಳು. ಆಮೇಲೆ, ಈ ಡಾಕ್ಟರ್ ಗುಳಿಗೆಗಳೂ ಹಾಗೇ ಇರಬೇಕು, ಸತ್ವ ತೆಗೆದ ಮೇಲೆಯೇ ಊರಿಗೆ ಕಳಿಸುತ್ತಾರೆ, ಆಲಮಟ್ಟಿಯ ನೀರಿನ ಹಾಗೆ, ಎಂದು ಮಾತು ತೆಗೆದಳು.

ಸೂಜಿಯನ್ನು ಆಕೆಯ ಕೈಗಿಟ್ಟು, "ಮೊದಲನೇದು" ಎಂದು ಶುರುಮಾಡಿದೆ.